ಸೂರ್ಯನಾರಾಯಣ ಸಾಹೇಬರ ಗಿಳಿ

ಉಪ್ಪಿಟ್ಟಿನಲ್ಲಿ ಸಿಕ್ಕ ಹಸಿಮೆಣಸಿನಕಾಯಿಯನ್ನು ಎಂದಿನಂತೆ ತಟ್ಟೆಯ ಅಂಚಿಗೆ ತಳ್ಳಿ ಸುಮ್ಮನಿದ್ದಿದ್ದರೆ, ಆ ಶನಿವಾರ ಮುರಳೀಧರ ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ತರಕಾರಿ ತಂದು, ರಾತ್ರಿ ಮರ್ಯಾದಸ್ಥನಾಗಿಯೇ ಮಲಗುತ್ತಿದ್ದ. ಆದರೆ ಎದುರಿಗೆ ಪಂಜರದಲ್ಲಿ ಗಿಳಿ ಕೂತಿತ್ತು. ಗಿಳಿಗೆ ಮೆಣಸಿನಕಾಯಿ ಎಂದರೆ ಪ್ರಾಣ ಎಂದು ಅವನು ಮೂರನೆಯ ಕ್ಲಾಸಿನ ಪಾಠದಲ್ಲಿ ಓದಿದ್ದ. ಆಮೇಲೆ ಗಿಳಿಯ ಬಗ್ಗೆ ಬೇರೇನೂ ಓದಿರಲಿಲ್ಲ. ಎಣ್ಣೆಯಲ್ಲಿ ಬೆಂದ ಆ ಮೆಣಸಿನಕಾಯಿಯನ್ನು ಕಂಬಿಯ ನಡುವೆ ತೂರಿಸಿ, "ತಗೋ, ತಿನ್ನು" ಎಂದ.

ಗಿಳಿ ಅದನ್ನು ಕೊಕ್ಕಿನಲ್ಲಿ ಹಿಡಿಯಿತು, ಒಂದು ಸಲ ಅವನನ್ನು ನೋಡಿತು, ಕಣ್ಣು ಮುಚ್ಚಿತು, ಕೋಲಿನಿಂದ ಜಾರಿ ಪಂಜರದ ತಳಕ್ಕೆ ಬಿತ್ತು.

ಗಿಳಿ ಅವನದ್ದಲ್ಲ. ಕೆಳಗಿನ ಮನೆಯ ಲೀಲಮ್ಮನವರದು. ದಿಲ್ಲಿಯ ವಸಂತ್ ಕುಂಜ್‌ನ ಸರ್ಕಾರದ ಡಿಡಿಎ ಕಟ್ಟಿಸಿದ ಆ ಫ್ಲ್ಯಾಟುಗಳ ಒಂದೇ ಮೆಟ್ಟಿಲುಸಾಲಿಗೆ ಮೂರು ಕನ್ನಡ ಮನೆಗಳಿದ್ದವು: ಕೆಳಗೆ ಲೀಲಮ್ಮ, ನಡುವೆ ಮುರಳೀಧರ, ಮೇಲೆ ನಿವೃತ್ತ ಚಂದ್ರಪ್ಪನವರು. ಲೀಲಮ್ಮನವರ ಗಂಡ ಸೂರ್ಯನಾರಾಯಣ ಸಾಹೇಬರು ಡೆಪ್ಯುಟಿ ಸೆಕ್ರೆಟರಿಯಾಗಿದ್ದವರು. ಮುರಳೀಧರ ಅವರ ಕೈಕೆಳಗೆ ಸೆಕ್ಷನ್ ಆಫೀಸರನಾಗಿ ಬೈಸಿಕೊಂಡೇ ತಲೆ ನೆರೆಸಿಕೊಂಡವನು. ಬೇವಿನ ಮರದಿಂದ ಬಿದ್ದ ಗಿಳಿಮರಿಯನ್ನು ಸಾಹೇಬರು ಎತ್ತಿ ತಂದು ಸಾಕಿದ್ದರು. ಗಿಳಿ ಸಾಕುವುದು ಕಾನೂನಿಗೆ ವಿರುದ್ಧ, ಆದರೆ ಸಾಹೇಬರಿಗೆ ಅದನ್ನು ಹೇಳುವವರು ಯಾರು? ಹೋದ ವರ್ಷ ಅವರು ಶ್ವಾಸಕೋಶದ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ನರಳಿ ತೀರಿಕೊಂಡರು. ದೇಹ ಹೋಯಿತು, ಧ್ವನಿ ಗಿಳಿಯಲ್ಲಿ ಉಳಿಯಿತು. "ಲೀಲಾ, ಕಾಫಿ!" "ತಣ್ಣಗಿದೆ!" "ಎಷ್ಟು ಸಲ ಹೇಳ್ಬೇಕು?" ಮೂರೂ ಸಾಹೇಬರದೇ ಗಂಟಲು. ಜೊತೆಗೆ ಅವರ ಕೆಮ್ಮು. ಕಡೆಯ ದಿನಗಳ ಆ ಉದ್ದನೆಯ, ಎದೆಯ ತಳದಿಂದ ಏಳುವ ಕೆಮ್ಮನ್ನು ಗಿಳಿ ಎಲ್ಲಿಯೂ ತಪ್ಪದೆ ಕೆಮ್ಮುತ್ತಿತ್ತು. ಮಾತಾಡಿಸಲು ಬಂದ ಹೆಂಗಸರು ಅದನ್ನು ಕೇಳಿ ಕಣ್ಣೊರೆಸಿಕೊಂಡು, "ಸತ್ತ ಮೇಲೂ ಜೊತೆಗಿದ್ದಾರೆ ನೋಡಿ, ನಿಮ್ಮದು ಎಂಥ ಪುಣ್ಯ" ಎಂದು ಕಾಫಿ ಕುಡಿದು ಹೋಗುತ್ತಿದ್ದರು.

ಆ ದಿನ ಬೆಳಗಾಗುವ ಮೊದಲೇ ಲೀಲಮ್ಮ ಕಣ್ಣಿನ ಪೊರೆಯ ಆಪರೇಷನ್‌ಗೆ ಹೊರಟಿದ್ದರು. ಪಂಜರವನ್ನು ತಾವೇ ಮೇಲಕ್ಕೆ ಹೊತ್ತು ತಂದು, "ಸಂಜೆಯವರೆಗೆ ನೋಡ್ಕೊಳ್ಳಿ ಮುರಳಿ. ನಿಮ್ಮ ಸಾಹೇಬರದು" ಎಂದಿದ್ದರು.

ಈಗ ಸಾಹೇಬರದು ತಳದಲ್ಲಿ ಬಿದ್ದಿತ್ತು.

"ಏನ್ರೀ ಹಾಕಿದ್ರಿ ಅದಕ್ಕೆ?" ಎಂದು ಹೆಂಡತಿ ಅಹಲ್ಯಾ ಸೌಟು ಹಿಡಿದೇ ಓಡಿಬಂದಳು.

"ಮೆಣಸಿನಕಾಯಿ."

"ಒಗ್ಗರಣೇದಾ? ಅಯ್ಯೋ ಪುಣ್ಯಾತ್ಮ! ಆ ಹೆಂಗಸಿಗೆ ಇರೋದು ಅದೊಂದು ಜೀವ. ಒಂದು ಕಣ್ಣು ಕಟ್ಟಿಸಿಕೊಂಡು ಬಂದವರಿಗೆ ಏನು ತೋರಿಸ್ತೀರಿ?"

ಹತ್ತಿರದ ಪಶುವೈದ್ಯರಿಗೆ ಫೋನು ಮಾಡಿದರೆ, ಗಿಳಿ ಎಂಬ ಮಾತು ಕೇಳಿದ್ದೇ ತಡ, ಅವರು ತಮಗೆ ಜೈಲಿಗೆ ಹೋಗುವ ಆಸೆಯಿಲ್ಲ ಎಂದು ಇಟ್ಟುಬಿಟ್ಟರು. ಅಷ್ಟರಲ್ಲಿ ಚಂದ್ರಪ್ಪನವರು ಬಾಗಿಲಲ್ಲಿ ನಿಂತಿದ್ದರು. ಬೇರೆಯವರ ಮನೆಯ ಕಷ್ಟ ಅವರಿಗೆ ಬೆಕ್ಕಿಗೆ ಹಾಲಿನ ವಾಸನೆ ಬಂದ ಹಾಗೆ ಬರುತ್ತಿತ್ತು.

"ಚಾಂದನಿ ಚೌಕ್!" ಎಂದರು ಬೆರಳೆತ್ತಿ. "ಕೆಂಪುಕೋಟೆ ಎದುರಿಗೆ ಜೈನ ಮಂದಿರ, ಅದರ ಹಿಂದೆ ಹಕ್ಕಿಗಳ ಆಸ್ಪತ್ರೆ. ಧರ್ಮಾರ್ಥ. ಏನೂ ಕೇಳಲ್ಲ. ನಾನೇ ಕರ್ಕೊಂಡು ಹೋಗ್ತೀನಿ, ನಡೀರಿ. ಹಳೇ ದಿಲ್ಲಿಯ ಒಂದೊಂದು ಗಲ್ಲಿಯೂ ನನಗೆ ಅಂಗೈ ಇದ್ದ ಹಾಗೆ."

ಮೇಲಿಂದ ಅವರ ಹೆಂಡತಿ ವೈಜಯಂತಿಯ ದನಿ ಕೇಳಿಸಿತು. "ರೀ, ಚಾಂದನಿ ಚೌಕ್‌ಗಾ? ನಿಲ್ಲಿ, ಮೊಮ್ಮಗಳ ಡ್ಯಾನ್ಸ್ ಡ್ರೆಸ್ಸಿಗೆ ಜರಿ ಲೇಸ್ ಬೇಕು, ನಾನೂ ಬಂದೆ!"

ಪಂಜರ ಹಿಡಿದು ಹೋದರೆ ಪೊಲೀಸರು ಹಿಡಿಯುತ್ತಾರೆ ಎಂದು ಅಹಲ್ಯಾ ಗಿಳಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮುರಳೀಧರ ಆಫೀಸಿಗೆ ಊಟ ಒಯ್ಯುವ ಕಪ್ಪು ಬ್ಯಾಗಿನಲ್ಲಿ ಮಲಗಿಸಿದಳು. ಉಸಿರಾಡಲಿ ಎಂದು ಜಿಪ್ಪನ್ನು ಅರ್ಧ ತೆರೆದಿಟ್ಟಳು. ಮೇ ತಿಂಗಳ ಬಿಸಿಗಾಳಿ ರಸ್ತೆಯ ಮೇಲೆ ಬಾಣಲೆಯ ಹಬೆಯಂತೆ ಏಳುತ್ತಿತ್ತು. ಕ್ಯಾಬಿನ ಹಿಂದಿನ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮುರಳೀಧರ ದಾರಿಯುದ್ದಕ್ಕೂ ಅದರೊಳಗೆ ಇಣುಕುತ್ತಿದ್ದ. ಗಿಳಿಯ ರೆಪ್ಪೆ ಆಗಾಗ ನಡುಗುತ್ತಿತ್ತು, ಅಷ್ಟೇ.

ಕ್ಯಾಬು ನಿಂತಾಗ ಇಳಿದು ಸುತ್ತ ನೋಡಿದ. ಕೆಂಪುಕೋಟೆ ಕಾಣಲಿಲ್ಲ. ಎದುರಿಗೆ ಒಂದು ಕೆಂಪು ಕಲ್ಲಿನ ಮಸೀದಿಯ ಬಾಗಿಲು, ಅದರ ಪಕ್ಕ ಚೀಲಗಳ ಬೆಟ್ಟ, ತಲೆಯ ಮೇಲೆ ಮೂಟೆ ಹೊತ್ತು "ಹಟೋ, ಹಟೋ" ಎನ್ನುತ್ತ ನುಗ್ಗುವ ಕೂಲಿಗಳು.

"ಎಲ್ಲಿ ಸಾರ್ ಆಸ್ಪತ್ರೆ?"

"ಅದು ಆ ತುದಿ," ಎಂದರು ಚಂದ್ರಪ್ಪ ಶಾಂತವಾಗಿ. "ಇದು ಈ ತುದಿ. ಫತೇಪುರಿ. ನೋಡಿ ಮುರಳಿ, ಚಾಂದನಿ ಚೌಕ್ ನೋಡೋದಕ್ಕೆ ಒಂದು ಕ್ರಮ ಇದೆ. ಫತೇಪುರಿಯಿಂದ ಶುರು ಮಾಡಿ ಕೋಟೆಗೆ ಮುಗಿಸಬೇಕು. ಉಲ್ಟಾ ಹೋದ್ರೆ ಏನೂ ಅರ್ಥ ಆಗಲ್ಲ."

"ಸಾರ್, ಗಿಳಿ ಸಾಯ್ತಾ ಇದೆ!"

"ಅದಕ್ಕೇ ಹೇಳೋದು, ತಡ ಮಾಡ್ಬೇಡಿ, ಬನ್ನಿ. ಈ ಮಸೀದಿ ಶಾಹಜಹಾನನ ಒಬ್ಬ ಬೇಗಂ ಕಟ್ಟಿಸಿದ್ದು. ಇಲ್ಲೇ ಎರಡು ಹೆಜ್ಜೆ, ಖಾರಿ ಬಾವಲಿ, ಮಸಾಲೆ ಮಾರುಕಟ್ಟೆ. ಇಲ್ಲಿಯವರೆಗೂ ಬಂದು ನೋಡದೆ ಹೋಗೋದಾ?"

ಎರಡು ಹೆಜ್ಜೆ ಎಂದದ್ದು ನೂರಾರು ಹೆಜ್ಜೆಯಾಯಿತು. ಒಣಮೆಣಸಿನಕಾಯಿಯ ಮೂಟೆಗಳ ನಡುವೆ ಹೊಕ್ಕದ್ದೇ ಗಾಳಿಯೆಲ್ಲ ಖಾರವಾಯಿತು. ವೈಜಯಂತಿ ಸೆರಗಿನಲ್ಲಿ ಮುಖ ಮುಚ್ಚಿ ಸೀನಿದರು. ಚಂದ್ರಪ್ಪ ಮೊಗಲರ ಕಾಲದ ಕಾಲುವೆಯ ಬಗ್ಗೆ ಹೇಳುತ್ತಲೇ ಕೆಮ್ಮಿದರು, ಅಂಗಡಿಯವನು ಕೆಮ್ಮಿದ, ಮುರಳೀಧರನೂ ಕೆಮ್ಮಿದ. ಆಮೇಲೆ ಬ್ಯಾಗು ಕೆಮ್ಮಿತು.

ಅದು ಸೂರ್ಯನಾರಾಯಣ ಸಾಹೇಬರ ಕೆಮ್ಮು. ಉದ್ದನೆಯದು, ಕೊನೆಯಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುವಂಥದ್ದು. ಮೂಟೆ ಹೊತ್ತವನೊಬ್ಬ ನಿಂತು ಬ್ಯಾಗನ್ನೂ ಮುರಳೀಧರನನ್ನೂ ನೋಡಿ, "ಬಾಬೂಜಿ, ಇವರನ್ನ ಯಾವುದಾದ್ರೂ ಆಸ್ಪತ್ರೆಗೆ ಸೇರಿಸಿ" ಎಂದು ಹಿಂದಿಯಲ್ಲಿ ಹೇಳಿ, ತಾನು ಹೇಳಿದ್ದು ಯಾರಿಗೆಂದು ತಿಳಿಯದೆ ಹೊರಟುಹೋದ.

"ಬದುಕಿದೆ!" ಎಂದು ಮುರಳೀಧರ ಕಣ್ಣೊರೆಸಿಕೊಂಡ. ಖಾರಕ್ಕೋ ಸಂತೋಷಕ್ಕೋ ಗೊತ್ತಾಗಲಿಲ್ಲ. "ಸಾರ್, ರಿಕ್ಷಾ ಹಿಡಿಯೋಣ. ದಮ್ಮಯ್ಯ."

ಹಗಲು ಹೊತ್ತು ಆ ಬೀದಿಗೆ ಮೋಟಾರು ಗಾಡಿ ಬಿಡುವುದಿಲ್ಲ. ಸೈಕಲ್ ರಿಕ್ಷಾವೇ ಗತಿ. ಒಂದರಲ್ಲಿ ಮೂವರು ಹಿಡಿಸಲಿಲ್ಲ. ವೈಜಯಂತಿ ಮೊದಲ ರಿಕ್ಷಾ ಹತ್ತಿ, "ಆ ಬ್ಯಾಗ್ ಇಲ್ಲಿ ಕೊಡಿ, ನೀವಿಬ್ಬರೂ ಕೂತ್ರೆ ಅದು ಚಪ್ಪಟೆ ಆಗುತ್ತೆ" ಎಂದು ತೆಗೆದುಕೊಂಡರು. ಮಾತು ಸರಿಯಿತ್ತು. ಕೊಟ್ಟದ್ದೇ ತಪ್ಪಾಯಿತು.

ಹಿಂದಿನ ರಿಕ್ಷಾದಲ್ಲಿ ಚಂದ್ರಪ್ಪ ಎಡಕ್ಕೆ ಟೌನ್ ಹಾಲ್ ತೋರಿಸಿದರು, ಬಲಕ್ಕೆ ಹಳೆಯ ಬ್ಯಾಂಕು ತೋರಿಸಿದರು. ಚಂದ್ರ ಕಾಲುವೆಯಲ್ಲಿ ಹೊಳೆಯುತ್ತಿದ್ದುದರಿಂದ ಚಾಂದನಿ ಚೌಕ್ ಎಂಬ ಹೆಸರು ಬಂತು ಎಂದರು. ಮುರಳೀಧರನ ಕಣ್ಣು ಮುಂದಿನ ರಿಕ್ಷಾದ ನೀಲಿ ಸೆರಗಿನ ಮೇಲಿತ್ತು. ಒಂದು ಕೈಗಾಡಿ ಅಡ್ಡ ಬಂತು, ಹೋಯಿತು. ನೀಲಿ ಸೆರಗು ಮಾಯವಾಗಿತ್ತು.

"ವೈಜಯಂತಿ ಮೇಡಂ ಎಲ್ಲಿ?"

"ಪರಾಠೆ ಗಲ್ಲಿ ಬಂತಲ್ಲ," ಎಂದರು ಚಂದ್ರಪ್ಪ ಆಲೋಚಿಸಿ. "ಇಲ್ಲಿಂದ ಒಳಗೆ ಹೋದ್ರೆ ಕಿನಾರಿ ಬಜಾರ್. ಲೇಸ್ ಅಲ್ಲೇ ಸಿಗೋದು."

ಮುರಳೀಧರ ಓಡುವ ರಿಕ್ಷಾದಿಂದ ಹಾರಿದ. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಗಲ್ಲಿ. ತುಪ್ಪದಲ್ಲಿ ತೇಲುವ ಪರಾಠೆಗಳ ಬಾಣಲೆ ದಾಟಿ, ಹಸುವೊಂದರ ಹೊಟ್ಟೆಗೆ ಬೆನ್ನು ಉಜ್ಜಿ, ಕಿನಾರಿ ಬಜಾರಿಗೆ ಬಿದ್ದ. ಎಲ್ಲಿ ನೋಡಿದರೂ ಮದುವೆ. ಮದುಮಗನ ಪೇಟ, ಮುತ್ತಿನ ತೆರೆ, ನೋಟಿನ ಹಾರ, ಚಿನ್ನದ ಬಣ್ಣದ ಪಟ್ಟಿ. ಅವುಗಳ ನಡುವೆ ಅವನೊಬ್ಬ ಅಂಗಡಿಯಿಂದ ಅಂಗಡಿಗೆ, "ನೀಲಿ ಸೀರೆ, ಕಪ್ಪು ಬ್ಯಾಗ್, ದೇಖಾ ಕ್ಯಾ?" ಎಂದು ಕೇಳುತ್ತ ತಿರುಗಿದ. ಅಂಗಡಿಯವರು ಕನಿಕರದಿಂದ ತಲೆಯಾಡಿಸಿದರು. ಹೆಂಡತಿ ಬ್ಯಾಗು ಸಮೇತ ಓಡಿಹೋಗಿದ್ದಾಳೆಂದು ಅವರು ತಿಳಿದಿದ್ದರು. ಒಬ್ಬ ನೀರು ಕೊಟ್ಟು, "ಭಯ್ಯಾ, ಹೋದವರು ಬರಲ್ಲ, ಮನಸ್ಸು ಗಟ್ಟಿ ಮಾಡ್ಕೋ" ಎಂದ.

ವೈಜಯಂತಿ ಸಿಕ್ಕರು. ಎತ್ತರದ ಗಾದಿಯ ಮೇಲೆ ಕೂತು ಮೊಳಗಟ್ಟಲೆ ಲೇಸ್ ಬಿಚ್ಚಿಸುತ್ತಿದ್ದರು.

"ಬ್ಯಾಗ್! ಮೇಡಂ, ಬ್ಯಾಗ್!"

"ಯಾಕೆ ಹಂಗೆ ಕಿರುಚ್ತೀರಿ? ಎಲ್ಲಿ ಹೋಗುತ್ತೆ ಅದು, ಇಲ್ಲೇ ಇದೆ." ಅವರು ಸುತ್ತ ನೋಡಿದರು. ಬ್ಯಾಗಿನ ಮೇಲೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರಗಳ ದೊಡ್ಡ ರಾಶಿ ಬಿದ್ದಿತ್ತು. ಮುರಳೀಧರ ಹಾರಗಳನ್ನು ಕಿತ್ತೆಸೆದು ಜಿಪ್ಪು ಎಳೆದ. ಗಿಳಿ ಬಾಯಿ ತೆರೆದುಕೊಂಡು ಮಲಗಿತ್ತು. ಕತ್ತು ಒಂದು ಕಡೆ ವಾಲಿತ್ತು. ಮುಟ್ಟಿದರೆ ಕಾಲುಬೆರಳು ಮಾತ್ರ ಅವನ ಬೆರಳನ್ನು ಹಿಡಿಯಿತು, ತೀರ ಮೆಲ್ಲಗೆ. ಅವನಿಗೆ ಆಸ್ಪತ್ರೆಯಲ್ಲಿ ಸಾಹೇಬರನ್ನು ಕಡೆಯ ಸಲ ನೋಡಿದ್ದು ನೆನಪಾಯಿತು. ಆಗಲೂ ಹೀಗೇ ಏನೂ ಮಾಡಲಾಗದೆ ನಿಂತಿದ್ದ.

"ಹಾರ ಬಿಸಾಡಿದ್ದು ಯಾರು?" ಎಂದು ಅಂಗಡಿಯವನು ಎದ್ದ. ಮುರಳೀಧರ ಬ್ಯಾಗನ್ನು ಮಗುವಿನಂತೆ ಎದೆಗೊತ್ತಿಕೊಂಡು ಮುಖ್ಯ ಬೀದಿಗೆ ಓಡಿದ. ಹಿಂದೆ ವೈಜಯಂತಿ, ಅಷ್ಟರಲ್ಲಿ ಬಂದು ಸೇರಿದ ಚಂದ್ರಪ್ಪ.

ಗುರುದ್ವಾರದ ಹತ್ತಿರ ಪೊಲೀಸ್ ಬ್ಯಾರಿಕೇಡ್ ಇತ್ತು. ಮೈಯೆಲ್ಲ ಬೆವರಿ, ಬ್ಯಾಗು ಅಪ್ಪಿಕೊಂಡು, ತಲೆಗೆ ಹರಿದ ಹಾರವೊಂದು ಸಿಕ್ಕಿಕೊಂಡು ಓಡಿ ಬರುತ್ತಿರುವವನನ್ನು ಯಾವ ಪೊಲೀಸ್ ಪೇದೆ ತಾನೇ ಬಿಡುತ್ತಾನೆ?

"ರುಕೋ! ಬ್ಯಾಗಿನಲ್ಲಿ ಏನಿದೆ?"

"ಕುಛ್ ನಹೀಂ," ಎಂದ ಮುರಳೀಧರ.

"ಎಷ್ಟು ಸಲ ಹೇಳ್ಬೇಕು?" ಎಂದಿತು ಬ್ಯಾಗು, ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ, ಅರವತ್ತು ದಾಟಿದ ಗಂಡಸಿನ ಗಂಟಲಿನಲ್ಲಿ.

ಪೇದೆ ಎರಡು ಹೆಜ್ಜೆ ಹಿಂದೆ ಸರಿದು ಲಾಠಿ ಹಿಡಿದ. "ಯಾರ ಧ್ವನಿ ಇದು?"

ಸುಳ್ಳು ಹೇಳುವ ಅಭ್ಯಾಸವಿಲ್ಲದ ಚಂದ್ರಪ್ಪ ಮುಂದೆ ಬಂದು, ಆಫೀಸಿನ ಶುದ್ಧ ಹಿಂದಿಯಲ್ಲಿ ಉತ್ತರ ಕೊಟ್ಟರು. "ಇದು ಇವರ ಸಾಹಬ್ ಧ್ವನಿ."

"ಸಾಹಬ್ ಎಲ್ಲಿ?"

"ಸಾಹಬ್ ಗುಜರ್ ಗಯೇ. ಸತ್ತು ವರ್ಷ ಆಯ್ತು."

ಪೇದೆ ಬ್ಯಾಗಿನ ಅಳತೆ ನೋಡಿದ. ಮುರಳೀಧರನ ಮುಖ ನೋಡಿದ. ಪೇದೆಯದೇ ಮುಖದ ಬಣ್ಣ ಇಳಿಯಿತು. ಇನ್ನಿಬ್ಬರನ್ನು ಕೂಗಿ ಕರೆದ. ಸುತ್ತ ಜನ ಸೇರಿದರು. ಜಿಲೇಬಿ ತಿನ್ನುತ್ತಿದ್ದವರು ದೊನ್ನೆ ಹಿಡಿದೇ ಬಂದರು. ಲಾಠಿಯ ತುದಿಯಿಂದ ಟವೆಲ್ ಸರಿಸಿದಾಗ ಹಸಿರು ರೆಕ್ಕೆ ಕಂಡಿತು. ನಿರಾಸೆಯಿಂದಲೋ ನೆಮ್ಮದಿಯಿಂದಲೋ ಜನ "ಅರೇ, ತೋತಾ!" ಎಂದರು.

ಪೇದೆಗೆ ಹೋದ ಪ್ರಾಣ ಬಂತು. ಜೊತೆಗೆ ಸಿಟ್ಟೂ ಬಂತು. "ಗಿಳಿ ಸಾಕೋದು ಅಪರಾಧ, ಗೊತ್ತಾ? ಏನು ಕೆಲಸ ನಿಂದು?"

"ಕೇಂದ್ರ ಸರ್ಕಾರ," ಎಂದು ಮುರಳೀಧರ ಪಿಸುಗುಟ್ಟಿದ.

"ವಾಹ್. ಚಲೋ, ನನ್ನ ಕಣ್ಣೆದುರಿಗೇ ಆಸ್ಪತ್ರೆಗೆ ಒಪ್ಪಿಸು. ಇಲ್ಲಾ ಠಾಣೆಗೆ ನಡಿ."

ಹೀಗೆ ಚಾಂದನಿ ಚೌಕದ ಉಳಿದ ಭಾಗವನ್ನು ಮುರಳೀಧರ ಪೊಲೀಸ್ ಕಾವಲಿನಲ್ಲಿ ನೋಡಿದ. ಪಕ್ಕದಲ್ಲಿ ಚಂದ್ರಪ್ಪ, "ಬಲಕ್ಕೆ ದರೀಬಾ, ಬೆಳ್ಳಿ ಅಂಗಡಿಗಳ ಸಾಲು" ಎನ್ನುತ್ತಲೇ ಬಂದರು. ಕೆಂಪುಕೋಟೆಯ ಗೋಡೆ ಬಿಸಿಲಿನಲ್ಲಿ ಕಾದ ಹಂಚಿನಂತೆ ಎದುರಿಗೆ ನಿಂತಿತು. ಮಂದಿರದ ಬಾಗಿಲಲ್ಲಿ ಚರ್ಮದ ವಸ್ತು ಒಳಗೆ ಬಿಡುವುದಿಲ್ಲ ಎಂದರು. ಅವನು ಬೂಟು ಬಿಚ್ಚಿದ. ಬೆಲ್ಟನ್ನೂ ಬಿಚ್ಚಿಕೊಟ್ಟ. ಪ್ಯಾಂಟು ಒಂದು ಕೈಯಲ್ಲಿ, ಬ್ಯಾಗು ಇನ್ನೊಂದರಲ್ಲಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದ.

ಮೇಲೆ ಗೋಡೆಯುದ್ದಕ್ಕೂ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟಂತೆ ಗೂಡುಗಳು. ಫ್ಯಾನಿಗೆ ಸಿಕ್ಕಿ ರೆಕ್ಕೆ ಮುರಿದ ಪಾರಿವಾಳಗಳು, ಬ್ಯಾಂಡೇಜಿನ ಕಾಲುಗಳು, ಒಂದೇ ಕಣ್ಣಿನ ಗುಬ್ಬಿಗಳು. ಎಲ್ಲವೂ ಮೆಲ್ಲಗೆ ಗುಟುರು ಹಾಕುತ್ತಿದ್ದವು. ಬಿಳಿ ಕೋಟಿನ ವಯಸ್ಸಾದ ಡಾಕ್ಟರು ಗಿಳಿಯನ್ನು ಅಂಗೈಯಲ್ಲಿಟ್ಟು, ಎದೆಯ ಮೂಳೆಯನ್ನು ಸವರಿ, "ಖಾಲಿ ಹೊಟ್ಟೆ. ಏನೂ ಹಾಕಿಲ್ವಾ ಇದಕ್ಕೆ?" ಎಂದು ಹಿಂದಿಯಲ್ಲಿ ಗದರಿದರು.

"ಮೆಣಸಿನಕಾಯಿ ಹಾಕಿದ್ದಾರೆ," ಎಂದರು ವೈಜಯಂತಿ.

ಡಾಕ್ಟರು ನೋಡಿದ ನೋಟಕ್ಕೆ ಆದಷ್ಟು ನಾಚಿಕೆ, ಪ್ಯಾಂಟು ಕೈಬಿಟ್ಟಿದ್ದರೂ ಮುರಳೀಧರನಿಗೆ ಆಗುತ್ತಿರಲಿಲ್ಲ.

ಸಣ್ಣ ಸಿರಿಂಜಿನಲ್ಲಿ ಏನನ್ನೋ ಗಂಟಲಿಗೆ ಇಳಿಸಿದರು. ಇನ್ನೊಂದು ಔಷಧಿ ಚುಚ್ಚಿದರು. ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಕಾದರು. ಗಂಟೆ ಕಳೆಯುವಷ್ಟರಲ್ಲಿ ಗಿಳಿ ಕತ್ತು ಎತ್ತಿತು. ನೀರು ಕುಡಿಯಿತು. "ಲೀಲಾ," ಎಂದಿತು.

ಮುರಳೀಧರ ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ. "ಬಹುತ್ ಮೆಹರ್ಬಾನಿ ಡಾಕ್ಟರ್ ಸಾಹಬ್. ಕೊಡಿ, ಹೊರಡ್ತೀವಿ."

"ಎಲ್ಲಿಗೆ?" ಎಂದರು ಡಾಕ್ಟರು. "ಇಲ್ಲಿಗೆ ಬಂದ ಹಕ್ಕಿ ಪಂಜರಕ್ಕೆ ವಾಪಸ್ ಹೋಗಲ್ಲ. ಗುಣವಾದ ಮೇಲೆ ಚಾವಣಿಯಿಂದ ಹಾರಿಬಿಡ್ತೀವಿ. ಅದೇ ಇಲ್ಲಿನ ನಿಯಮ."

ಪೇದೆ ತೃಪ್ತಿಯಿಂದ ತಲೆಯಾಡಿಸಿ ಡ್ಯೂಟಿಗೆ ಹೊರಟ. ಮುರಳೀಧರ ಬೇಡಿಕೊಂಡ. ವಿಧವೆ ಎಂದ, ಗಂಡನ ಧ್ವನಿ ಎಂದ, ಕಣ್ಣಿನ ಆಪರೇಷನ್ ಎಂದ. ಡಾಕ್ಟರು ಎಲ್ಲವನ್ನೂ ಕೇಳಿ, "ಧ್ವನಿ ಅವರದಿರಬಹುದು. ರೆಕ್ಕೆ ಇದರದು" ಎಂದರು.

"ಬಿಟ್ಟುಬಿಡಿ ಮುರಳಿ," ಎಂದರು ಚಂದ್ರಪ್ಪ. "ಬೇರೆ ಗಿಳಿ ಹುಡುಕೋಣ. ಎಲ್ಲಾ ಒಂದೇ ಥರ ಇರ್ತವೆ."

"ಮಾತು, ಸಾರ್? ಕೆಮ್ಮು?"

"ಕಲಿಸಿದ್ರಾಯ್ತು. ನೀವು ದಿನಾ ಕೇಳಿದ್ದೀರಲ್ಲ."

ಮೇಲೆ ಚಾವಣಿಯ ಬಲೆಯ ಬಾಗಿಲು ತೆರೆದಿತ್ತು. ಯಾರೋ ಒಂದು ಗಿಳಿಯನ್ನು ಬಿಟ್ಟರು. ಅದು ಒಂದು ಕ್ಷಣ ಅಂಚಿನಲ್ಲಿ ಕೂತು, ಆಮೇಲೆ ಕೋಟೆಯ ಕಡೆಗೆ ಹಸಿರು ಗೀಟಿನಂತೆ ಹೋಯಿತು. ಮುರಳೀಧರ ಅದನ್ನೇ ನೋಡುತ್ತ ನಿಂತ. ಇದೂ ಹಾಗೆ ಹೋದರೆ ಒಳ್ಳೆಯದೇ ಅಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಖಾಲಿ ಪಂಜರದ ಮುಂದೆ ಒಂದು ಕಣ್ಣು ಕಟ್ಟಿಕೊಂಡು ಕೂತ ಲೀಲಮ್ಮ ಕಣ್ಣೆದುರು ಬಂದರು. ಗಂಡ ಎರಡನೆಯ ಸಲ ಸತ್ತ ಹಾಗಾಗುತ್ತದೆ ಅವರಿಗೆ. ಈ ಸಲ ಕೊಂದವನು ತಾನು.

ಅಷ್ಟರಲ್ಲಿ ಯಾರೋ ರಕ್ತ ಸುರಿಯುವ ಪಾರಿವಾಳ ಹಿಡಿದು ಬಂದರು. ಡಾಕ್ಟರು ಅತ್ತ ತಿರುಗಿದರು. ಸರ್ವಿಸಿನಲ್ಲಿ ಒಂದು ಪೆನ್ಸಿಲನ್ನೂ ಮನೆಗೆ ಒಯ್ಯದಿದ್ದ ಮುರಳೀಧರ ಗಿಳಿಯನ್ನು ಎತ್ತಿ ಷರಟಿನೊಳಗೆ ಹಾಕಿಕೊಂಡು ಮೆಟ್ಟಿಲಿಳಿದ.

ಮೂರನೆಯ ಮೆಟ್ಟಿಲಿನಲ್ಲಿ ಗಿಳಿ ಕಚ್ಚಿತು. ಅವನು ಕಿರುಚಿದ. ಕಿರುಚಿದ್ದರಿಂದ ಎಲ್ಲರಿಗೂ ಗೊತ್ತಾಯಿತು. "ಚೋರ್! ತೋತಾ ಚೋರ್!" ಎಂಬ ಕೂಗು ಮಂದಿರದ ಅಂಗಳದವರೆಗೂ ಬಂತು. ಬೂಟು, ಬೆಲ್ಟು ಕೇಳುತ್ತ ನಿಲ್ಲುವ ಸಮಯ ಅದಲ್ಲ. ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ, ಒಂದು ಕೈ ಸೊಂಟದಲ್ಲಿ, ಒಂದು ಕೈ ಎದೆಯ ಮೇಲೆ, ಅಂಗಾಲು ಸುಡುವ ಪ್ರತಿ ಹೆಜ್ಜೆಗೂ ಜಿಗಿಯುತ್ತ ಓಡಿದವನನ್ನು ಕಂಡು ವಿದೇಶಿ ಪ್ರವಾಸಿಗಳು ಅದೇನೋ ಹರಕೆ ಎಂದುಕೊಂಡು ಫೋಟೋ ತೆಗೆದರು. ರಸ್ತೆಯಾಚೆ ಸಿಕ್ಕ ಆಟೋ ಹತ್ತಿದ. ಅಟ್ಟಿಸಿಕೊಂಡು ಬಂದವರನ್ನು ಚಂದ್ರಪ್ಪ ತಡೆದು, ತಮಗೂ ಅವನಿಗೂ ಏನೂ ಸಂಬಂಧವಿಲ್ಲ ಎಂದು ವಿವರವಾಗಿ ತಿಳಿಸಿದರು.

ಸಂಜೆ ಲೀಲಮ್ಮ ಬಂದರು. ಗುರುಗ್ರಾಮದಲ್ಲಿರುವ ತಂಗಿಯ ಮಗಳು ಅವರನ್ನು ಕರೆತಂದು, ಕೂರಿಸಿ, ಔಷಧಿ ತರಲು ಹೋದಳು. ಸುದ್ದಿ ಕೇಳಿ ಮೆಟ್ಟಿಲುಸಾಲಿನ ಮನೆಗಳ ಜನವೆಲ್ಲ ಕೆಳಗೆ ಸೇರಿದ್ದರು. ಆಪರೇಷನ್ ಆದವರ ಮೇಲೆ ಎಲ್ಲರೂ ಮುಗಿಬೀಳುವುದು ಬೇಡ ಎಂದು ಅಹಲ್ಯಾ ಅವರನ್ನು ಹೊರಗೇ ತಡೆದು, ಗಂಡನನ್ನು ಮಾತ್ರ ಒಳಗೆ ಕಳಿಸಿದಳು. ಎದೆಗೆ ಡೆಟಾಲ್, ಅಂಗಾಲಿಗೆ ಬರ್ನಾಲ್ ಹಚ್ಚಿಕೊಂಡ ಮುರಳೀಧರ ಕುಂಟುತ್ತ ಪಂಜರ ಹಿಡಿದು ಹೋದ. ಗಿಳಿ ಸೀಬೆಹಣ್ಣು ತಿಂದು ಗೆಲುವಾಗಿತ್ತು.

ಲೀಲಮ್ಮ ತೆರೆದಿದ್ದ ಒಂದು ಕಣ್ಣಿನಿಂದ ಪಂಜರ ನೋಡಿದರು. ಬಹಳ ಹೊತ್ತು ನೋಡಿದರು.

"ಇನ್ನೂ ಇದೆಯಾ?" ಎಂದರು.

"ಉಳಿಸಿಕೊಂಡೆ ಅಮ್ಮ. ಬೆಳಿಗ್ಗೆ ನನ್ನಿಂದ ಒಂದು ತಪ್ಪಾಯ್ತು. ಮೆಣಸಿನಕಾಯಿ..."

"ಮೆಣಸಿನಕಾಯಿ ಅಲ್ಲ ಮುರಳಿ." ಅವರ ಧ್ವನಿ ತಗ್ಗಿತು. "ಬಾಗಿಲು ಹಾಕಿ."

ಅವನು ಹಾಕಿದ.

"ನಾನೇ ಅದಕ್ಕೆ ಸರಿಯಾಗಿ ತಿನ್ನೋಕೆ ಹಾಕ್ತಾ ಇರಲಿಲ್ಲ, ಎಷ್ಟೋ ದಿನದಿಂದ. ಕೊಲ್ಲಬೇಕು ಅಂತಲ್ಲ. ತಟ್ಟೆ ಹಿಡ್ಕೊಂಡು ಹತ್ರ ಹೋದ್ರೆ ಕೆಮ್ಮುತ್ತೆ. ಆ ಕೆಮ್ಮು ಕೇಳಿದ್ರೆ ನನ್ನ ಕೈ ಓಡಲ್ಲ. ನಿದ್ದೇಲಿ ಕೇಳಿಸಿದ್ರೆ ಎದ್ದು ಬೆನ್ನು ನೀವೋಕೆ ಹೋಗ್ತೀನಿ. ಹಾಸಿಗೆ ಖಾಲಿ ಇರುತ್ತೆ." ಸೆರಗಿನ ತುದಿಯಿಂದ ಒಂದೇ ಕಣ್ಣನ್ನು ಒರೆಸಿಕೊಂಡರು. "ಪಂಜರದ ಬಾಗಿಲು ತೆಗೆದಿಟ್ಟೆ, ಹೋಗಲಿಲ್ಲ. ಬಾಲ್ಕನೀಲಿ ಬಿಟ್ಟೆ, ವಾಪಸ್ ಬಂದು ಕಾಫಿ ಕೇಳ್ತು. ಒಂದು ದಿನವೂ ನಾನು ಅವರಿಗೆ ತಣ್ಣಗಿನ ಕಾಫಿ ಕೊಟ್ಟವಳಲ್ಲ ಮುರಳಿ. ಒಂದು ದಿನವೂ! ಇವತ್ತೋ ನಾಳೆಯೋ ಸಾಯುತ್ತೆ ಅನ್ನಿಸ್ತು. ನನ್ನ ಕೈಯಲ್ಲಿ ಬೇಡ, ನಿಮ್ಮ ಮನೇಲಿ ಆಗಿಹೋಗಲಿ ಅಂತ ತಂದಿಟ್ಟೆ. ನೀವು ಎರಡು ದಿನ ಬೇಜಾರು ಮಾಡ್ಕೋತಿದ್ರಿ, ನಾನು ಸಮಾಧಾನ ಹೇಳ್ತಿದ್ದೆ. ಅಷ್ಟೇ ಆಗ್ಬೇಕಿತ್ತು."

ಮುರಳೀಧರನಿಗೆ ಅಂಗಾಲಿನ ಉರಿ ಒಮ್ಮೆಲೇ ತಲೆಗೆ ಏರಿತು. "ಆ ಆಸ್ಪತ್ರೆಯವರು ವಾಪಸ್ ಕೊಡಲ್ಲ ಅಂದಿದ್ರು ಅಮ್ಮ. ನಾನು ಕದ್ದುಕೊಂಡು ಬಂದೆ."

ಲೀಲಮ್ಮ ಹಣೆಗೆ ಕೈ ಇಟ್ಟುಕೊಂಡರು. "ಅಯ್ಯೋ ಮಹಾರಾಯ."

ಗಿಳಿ ಕಂಬಿಗೆ ಕೊಕ್ಕು ಉಜ್ಜುತ್ತಿತ್ತು.

"ನೀವೇ ಇಟ್ಕೊಳ್ಳಿ," ಎಂದರು ಕೊನೆಗೆ. "ಈ ಮಾತು ಯಾರ ಕಿವಿಗೂ ಬೀಳಬಾರದು. ಗಂಡನ ಧ್ವನಿಗೆ ಅನ್ನ ಹಾಕದೋಳು ಅಂತಾರೆ ಜನ. ನಿಮ್ಮ ಸಾಹೇಬರಾಣೆ."

ಸಾಹೇಬರಾಣೆ ಎಂದ ಮೇಲೆ ಅವನು ಹೂಂ ಎನ್ನದೆ ಇನ್ನೇನು ಮಾಡಿಯಾನು? ಅಷ್ಟರಲ್ಲಿ ಕಾದು ಸಾಕಾದ ಜನ ಬಾಗಿಲು ದೂಡಿಕೊಂಡು ಬಂದರು. ಮುಂದೆ ಚಂದ್ರಪ್ಪ, ಪಕ್ಕದಲ್ಲಿ ಆಗಲೇ ಕಣ್ಣು ತೇವ ಮಾಡಿಕೊಂಡ ವೈಜಯಂತಿ.

"ಲೀಲಮ್ಮನವರೇ, ನಿಮ್ಮ ಯಜಮಾನರನ್ನ ಸಾವಿನ ಬಾಯಿಂದ ತಂದಿದ್ದೀವಿ! ಮಾತಾಡಿಸಿದ್ರಾ?"

ಲೀಲಮ್ಮ ದಿಂಬಿಗೆ ಒರಗಿ ನಿಟ್ಟುಸಿರು ಬಿಟ್ಟರು. "ಏನು ಹೇಳಲಿ ಚಂದ್ರಪ್ಪನವರೇ. ಮುರಳಿ ಗಿಳಿಯನ್ನ ತಮಗೇ ಕೊಡಿ ಅಂತ ಕೇಳ್ತಿದ್ದಾರೆ. ಸಾಹೇಬರ ಧ್ವನಿ ದಿನಾ ಕಿವಿಗೆ ಬೀಳ್ಬೇಕಂತೆ. ಅಷ್ಟು ಅಂಗಲಾಚಿ ಕೇಳಿದ ಮೇಲೆ ಹೇಗೆ ಇಲ್ಲ ಅನ್ನಲಿ? ತಗೊಂಡು ಹೋಗಿ ಅಂದೆ."

ಮುರಳೀಧರ ಬಾಯಿ ತೆರೆದ, ಆಣೆ ನೆನೆದು ಮುಚ್ಚಿದ.

"ಥೂ," ಎಂದರು ವೈಜಯಂತಿ. "ಆಕೆಗೆ ಉಳಿದಿದ್ದು ಅದೊಂದೇ ಅಲ್ವೇನ್ರೀ."

"ನಾನು ಕಣ್ಣಾರೆ ನೋಡಿದೆ," ಎಂದು ಚಂದ್ರಪ್ಪ ಎಲ್ಲರ ಕಡೆ ತಿರುಗಿದರು. "ಧರ್ಮಾಸ್ಪತ್ರೆಯಿಂದಲೇ ಕದ್ದ ಮನುಷ್ಯ. ಈಗ ವಿಧವೆಯ ಮನೆಯಿಂದ. ಇವರ ಮನಸ್ಸಲ್ಲಿ ಇದು ಬೆಳಿಗ್ಗೆಯಿಂದಲೇ ಇತ್ತು ಅನ್ನೋದು ನನಗೀಗ ಅರ್ಥ ಆಗ್ತಿದೆ."

ಜನ ಸರಿದು ದಾರಿ ಬಿಟ್ಟರು. ಯಾರೂ ಅವನ ಮುಖ ನೋಡಲಿಲ್ಲ. ಪಂಜರ ಹಿಡಿದು ಕುಂಟುತ್ತ ಮೆಟ್ಟಿಲು ಹತ್ತುವಾಗ ಕೆಳಗೆ ಲೀಲಮ್ಮ, ಔಷಧಿ ತಂದು ಬಂದ ತಂಗಿಯ ಮಗಳಿಗೆ, ಹಸಿವಾಗ್ತಿದೆ, ಏನಾದ್ರೂ ಬಿಸಿಯಾಗಿ ಮಾಡು ಎನ್ನುವುದು ಕೇಳಿಸಿತು.

ಅಹಲ್ಯಾ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಮುರಳೀಧರ ಪಂಜರವನ್ನು ಬಾಲ್ಕನಿಯ ಕೊಕ್ಕೆಗೆ ತೂಗುಹಾಕಿ ಕುರ್ಚಿಯಲ್ಲಿ ಕುಸಿದ. ಇಡೀ ದಿನದಲ್ಲಿ ಮೊದಲ ಸಲ ಸದ್ದಿರಲಿಲ್ಲ.

"ಸಾರ್," ಎಂದ, ತನಗೇ ತಿಳಿಯದೆ. "ನೋಡಿದ್ರಾ ಸಾರ್?"

ಗಿಳಿ ಕತ್ತು ಓರೆ ಮಾಡಿ ಅವನನ್ನು ನೋಡಿತು. ಗಂಟಲು ಸರಿಮಾಡಿಕೊಂಡು, ಲೀಲಮ್ಮನವರ ಮನೆಯಲ್ಲಿ ಬಂದವರ ಮುಂದೆ ಎಂದೂ ಆಡದಿದ್ದ ಮಾತೊಂದನ್ನು, ಸೂರ್ಯನಾರಾಯಣ ಸಾಹೇಬರು ಒಳಕೋಣೆಯಿಂದ ದನಿ ತಗ್ಗಿಸಿ ಹೇಳುತ್ತಿದ್ದ ಹಾಗೆಯೇ ಆಡಿತು:

"ಲೀಲಾ, ಆ ಮುರಳಿ ಬಂದಿದ್ರೆ ನಾನಿಲ್ಲ ಅನ್ನು."